ಗಣಕಯಂತ್ರಕ್ಕೆ ಆಡುವ ಮೊದಲ ಮಾತು

ನಮ್ಮ ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ದಿನಗಳ ನೆನಪುಗಳನ್ನು ನನಗಿಂತ ಹಿರಿಯರೂ ಸಮರ್ಥರೂ ಆದವರು ಬರೆಯುವರೆಂದು ಹೇಳಿ ತಪ್ಪಿಸಿಕೊಳ್ಳಲು ಯತ್ನಿಸಿದೆ. ಮುಖ್ಯೋಪಾಧ್ಯಾಯರು ಬಿಡಲಿಲ್ಲ. “ನೆನಪು ಬರೆಯೋರು ಬಹಳ ಮಂದಿ ಅದಾರ್ರೀ. ನಮಗ ಒಂದು ಪ್ರಶ್ನೆಗೆ ಉತ್ತರ ಬೇಕಾಗೇದ. ಅದನ್ನ ಬರದು ಕೊಡ್ರಿ” ಎಂದರು.

ಪ್ರಶ್ನೆ ಹುಟ್ಟಿದ ಬಗೆ ಹೀಗೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಶಾಲೆಗೆ ಹನ್ನೆರಡು ಗಣಕಯಂತ್ರಗಳನ್ನು ಕೊಡಿಸಿದರು. ಊರಿನ ದಾನಿಗಳು ಅವುಗಳಿಗೆಂದು ಒಂದು ಕೋಣೆಯನ್ನು ಕಟ್ಟಿಸಿಕೊಟ್ಟರು. ಎಂಟನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ತಾಸು ಅಲ್ಲಿ ಪಾಠವೆಂದು ನಿಶ್ಚಯವಾಯಿತು. ಆದರೆ ಯಂತ್ರದೊಡನೆ ವ್ಯವಹರಿಸಲು ಮಕ್ಕಳು ಮೊದಲು ಯಾವ ಭಾಷೆಯನ್ನು ಕಲಿಯಬೇಕೆಂಬ ವಿಷಯದಲ್ಲಿ ಅಧ್ಯಾಪಕರಲ್ಲಿ ಒಮ್ಮತವಿರಲಿಲ್ಲ. ವಿಜ್ಞಾನದ ಶಿಕ್ಷಕರು ‘ಸಿ’ ಭಾಷೆಯೇ ಆಗಬೇಕೆಂದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರ ಮಗ ಕಲಿತದ್ದು ಅದು. ಪಾಲಕರೊಬ್ಬರು ನೌಕರಿಗೆ ಜಾವಾ ಬೇಕೆಂದರು. ಪಾಠ ಹೇಳಬೇಕಾದ ಗಣಿತದ ಶಿಕ್ಷಕಿಯರು ಮಾತ್ರ, “ಯಾವುದಾದರೂ ಆಗಲಿ, ಅದನ್ನು ಮೊದಲು ನಾನು ಕಲಿಯಬೇಕಲ್ಲ” ಎಂದು ಮೆಲ್ಲನೆ ನುಡಿದರಂತೆ. ಆ ಸಭೆಯಲ್ಲಿ ಆಡಿದ ಮಾತುಗಳಲ್ಲಿ ಅದೇ ತೂಕದ್ದೆಂದು ನನಗೆ ಆಮೇಲೆ ತಿಳಿಯಿತು.

ನಾಲ್ಕು ದಶಕಗಳ ಕಾಲ ಇದೇ ಕಸುಬಿನಲ್ಲಿ ಅನ್ನ ತಿಂದವನು ನಾನು. ಉತ್ತರ ಹೇಳುವ ಅರ್ಹತೆ ನನಗಿದೆಯೆಂದು ಅವರು ಭಾವಿಸಿದುದು ಸಹಜ. ಆದರೆ ಉತ್ತರಕ್ಕಿಂತ ಮುಂಚೆ, ನಾನು ಕಲಿತ ಮೊದಲ ಭಾಷೆಯ ಕಥೆಯನ್ನೂ ಅದರಿಂದ ನಡೆದ ಒಂದು ಅಚಾತುರ್ಯವನ್ನೂ ಹೇಳದಿದ್ದರೆ ನನ್ನ ಅಭಿಪ್ರಾಯಕ್ಕೆ ಆಧಾರವಿಲ್ಲದಂತಾಗುತ್ತದೆ.

1965ರಿಂದ 1971ರವರೆಗೆ ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ನಾನು ಈ ಶಾಲೆಯಲ್ಲಿ ಓದಿದೆ. ಆಗ ನಮಗೆ ಗಣಿತ ಹೇಳುತ್ತಿದ್ದ ಮಾಸ್ತರರಿಗೆ ಒಂದು ವಿಚಿತ್ರ ಪದ್ಧತಿಯಿತ್ತು. ಲೆಕ್ಕ ಬಿಡಿಸಿದರೆ ಸಾಲದು. ಅದನ್ನು ಬಿಡಿಸುವ ಕ್ರಮವನ್ನು ಕನ್ನಡದಲ್ಲಿ ಒಂದೊಂದೇ ಸಾಲಾಗಿ ಬರೆದುಕೊಡಬೇಕು. ಆ ಕಾಗದವನ್ನು ಅವರು ಕೆಳಗಿನ ತರಗತಿಯ ಹುಡುಗನೊಬ್ಬನ ಕೈಗೆ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸುವರು. ಬರೆದದ್ದನ್ನಷ್ಟೇ ಅವನು ಮಾಡಬೇಕು. ಸ್ವಂತ ಬುದ್ಧಿ ಬಳಸಕೂಡದು. ಒಂದು ದಿನ 252 ಮತ್ತು 105ರ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯುವ ಕ್ರಮವನ್ನು ನಾನು ಬರೆದೆ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸು. ಉಳಿದ ಶೇಷದಿಂದ ಆ ಚಿಕ್ಕ ಸಂಖ್ಯೆಯನ್ನು ಭಾಗಿಸು. ಹೀಗೆಯೇ ಮಾಡುತ್ತ ಹೋಗು. ಹುಡುಗ ಹಾಗೆಯೇ ಮಾಡಿದ. ಮೊದಲು 42 ಉಳಿಯಿತು, ಆಮೇಲೆ 21, ಆಮೇಲೆ ಸೊನ್ನೆ. ಉತ್ತರ 21 ಎಂದು ನಾನು ಎದೆಯುಬ್ಬಿಸಿ ಕುಳಿತಿದ್ದೆ. ಹುಡುಗ ಮಾತ್ರ ನಿಲ್ಲಲಿಲ್ಲ. 21ನ್ನು ಸೊನ್ನೆಯಿಂದ ಭಾಗಿಸಲು ಹೊರಟು, ಸುಣ್ಣದ ಕಡ್ಡಿಯನ್ನು ಮೇಲೆತ್ತಿ ಹಿಡಿದು, ದಿಕ್ಕು ತೋಚದೆ ನಿಂತುಬಿಟ್ಟ. ಇಡೀ ತರಗತಿ ನಕ್ಕಿತು. ಮಾಸ್ತರರು ನಗಲಿಲ್ಲ. “ತಪ್ಪು ಅವಂದಲ್ಲ. ಯಾವಾಗ ನಿಲ್ಲಬೇಕಂತ ನೀ ಹೇಳೇ ಇಲ್ಲ” ಎಂದರು.

ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಯೂಕ್ಲಿಡ್ ತನ್ನ ಗ್ರಂಥದಲ್ಲಿ ವಿವರಿಸಿದ ಈ ವಿಧಾನವನ್ನು ಇಂದಿಗೂ ಗಣಕ ವಿಜ್ಞಾನದ ಮೊದಲ ಪಾಠಗಳಲ್ಲಿ ಹೇಳಿಕೊಡುತ್ತಾರೆ. ಗಣಕಯಂತ್ರವನ್ನು ಕಣ್ಣಿನಿಂದ ಕಾಣುವುದಕ್ಕೆ ಐದಾರು ವರ್ಷ ಮೊದಲೇ, ಅದರ ಸ್ವಭಾವವೇನೆಂಬುದನ್ನು ಸುಣ್ಣದ ಕಡ್ಡಿ ಹಿಡಿದ ಆ ಹುಡುಗ ನನಗೆ ತೋರಿಸಿದ್ದ.

1976ರಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಮೂರನೆಯ ವರ್ಷದಲ್ಲಿ, ಫೋರ್ಟ್ರಾನ್ ನಮಗೆ ಪಠ್ಯವಾಯಿತು. ಆರಿಸಿಕೊಳ್ಳುವ ಮಾತೇ ಇರಲಿಲ್ಲ, ಇದ್ದದ್ದು ಅದೊಂದೇ. ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಹೊರತಂದ ಈ ಭಾಷೆ, ಯಂತ್ರದ ಸಂಕೇತಗಳಲ್ಲಿ ತಿಣುಕುತ್ತಿದ್ದ ಇಂಜಿನಿಯರುಗಳಿಗೆ ಬೀಜಗಣಿತದ ಸೂತ್ರಗಳಂತೆಯೇ ಬರೆಯುವ ಅನುಕೂಲವನ್ನು ಒದಗಿಸಿತ್ತು. ನಮ್ಮ ಕಾಲೇಜಿನಲ್ಲಿ ಗಣಕಯಂತ್ರವಿರಲಿಲ್ಲ. ಪ್ರೊಫೆಸರ್ ವಿ. ರಾಜಾರಾಮನ್ ಅವರ ಪಠ್ಯಪುಸ್ತಕವೊಂದನ್ನು ನಾಲ್ವರು ಗೆಳೆಯರು ಹಂಚಿಕೊಂಡು ಓದಿ, ಚೌಕುಳಿಯ ಹಾಳೆಗಳ ಮೇಲೆ ಪೆನ್ಸಿಲಿನಿಂದ ಕ್ರಮವಿಧಿಯನ್ನು ಬರೆದು ಕೊಡುತ್ತಿದ್ದೆವು. ಹಾಳೆಗಳು ಬೇರೆ ಊರಿನ ಗಣಕ ಕೇಂದ್ರಕ್ಕೆ ಹೋಗಿ, ಅಲ್ಲಿ ಒಂದೊಂದು ಸಾಲಿಗೆ ಒಂದೊಂದು ರಂಧ್ರಪತ್ರವಾಗಿ, ಹತ್ತು ದಿನಗಳ ಮೇಲೆ ಫಲಿತಾಂಶ ಮರಳಿ ಬರುವುದು.

ಒಂದು ಸಾಲಿಗೆ ಎಂಬತ್ತು ಮನೆಗಳು. ಮೊದಲ ಐದು ಮನೆಗಳು ಸಾಲಿನ ಸಂಖ್ಯೆಗೆ ಮೀಸಲು. ಆರನೆಯ ಮನೆಯಲ್ಲಿ ಗುರುತು ಇದ್ದರೆ ಅದು ಹಿಂದಿನ ಸಾಲಿನ ಮುಂದುವರಿಕೆ. ನಿಜವಾದ ಮಾತು ಏಳನೆಯ ಮನೆಯಿಂದ ಆರಂಭವಾಗಿ ಎಪ್ಪತ್ತೆರಡನೆಯ ಮನೆಯೊಳಗೆ ಮುಗಿಯಬೇಕು. ನಾನೊಮ್ಮೆ ಕಣ್ತಪ್ಪಿ ಆರನೆಯ ಮನೆಯಿಂದಲೇ ಬರೆಯತೊಡಗಿದ್ದೆ. ಹತ್ತು ದಿನ ಕಾದ ಮೇಲೆ ನನಗೆ ದೊರೆತದ್ದು ತಪ್ಪುಗಳ ಒಂದು ಪಟ್ಟಿ. ಆ ಕಾಯುವಿಕೆ ನಮಗೆ ಒಂದು ಒಳ್ಳೆಯ ಅಭ್ಯಾಸವನ್ನು ಕಲಿಸಿತೆಂಬುದು ನಿಜ. ಹಾಳೆಯನ್ನು ಕೊಡುವ ಮೊದಲು ನಾವೇ ಯಂತ್ರವಾಗಿ ಸಾಲುಸಾಲನ್ನೂ ನಡೆಸಿ ನೋಡುತ್ತಿದ್ದೆವು. ಆದರೆ ಹತ್ತಾರು ಬುದ್ಧಿವಂತ ಸಹಪಾಠಿಗಳು ಇದು ನಮಗೆ ಒಗ್ಗುವ ವಿದ್ಯೆಯಲ್ಲವೆಂದು ಅಲ್ಲಿಯೇ ಕೈಬಿಟ್ಟದ್ದೂ ಅಷ್ಟೇ ನಿಜ.

ಇನ್ನು ಆ ಅಚಾತುರ್ಯದ ವಿಷಯ. ಫೋರ್ಟ್ರಾನಿನಲ್ಲಿ ಮಾತಿಲ್ಲದೆ ನಡೆಯುವ ಒಂದು ಕಟ್ಟಳೆಯಿತ್ತು. ನಾವು ಹೆಸರಿಡುವ ರಾಶಿಯ ಮೊದಲ ಅಕ್ಷರ ಐ, ಜೆ, ಕೆ, ಎಲ್, ಎಂ, ಎನ್ ಇವುಗಳಲ್ಲಿ ಒಂದಾಗಿದ್ದರೆ, ಬೇರೆ ಹೇಳದಿದ್ದಲ್ಲಿ, ಅದು ಪೂರ್ಣಾಂಕವೆಂದೇ ಯಂತ್ರ ತಿಳಿಯುವುದು. ಅದರಲ್ಲಿ ಎಷ್ಟೇ ದಶಮಾಂಶವಿಟ್ಟರೂ ಭಿನ್ನರಾಶಿಯ ಭಾಗವನ್ನು ಕತ್ತರಿಸಿ ಎಸೆಯುವುದು. ಪರೀಕ್ಷೆಯಲ್ಲಿ ಈ ನಿಯಮವನ್ನು ಬರೆದು ಪೂರ್ಣ ಅಂಕ ಪಡೆದವನು ನಾನು. 1981ರಲ್ಲಿ ನಾನು ಕೆಲಸಕ್ಕಿದ್ದ ಕಚೇರಿಯೊಂದರಲ್ಲಿ ವಿದ್ಯಾರ್ಥಿವೇತನದ ಯಾದಿಯನ್ನು ಗಣಕಯಂತ್ರದಿಂದ ತಯಾರಿಸುವ ಹೊಣೆ ನನಗೆ ಬಂದಿತು. ಅಭ್ಯರ್ಥಿಗಳ ವಿಷಯಗಳ ಸಂಖ್ಯೆ ಒಂದೇ ಆಗಿರಲಿಲ್ಲವಾದ್ದರಿಂದ ಒಟ್ಟು ಅಂಕಗಳ ಬದಲು ಸರಾಸರಿಯಿಂದ ಕ್ರಮ ನಿರ್ಧರಿಸಬೇಕಿತ್ತು. ಸರಾಸರಿಗೆ ಇಂಗ್ಲಿಷಿನಲ್ಲಿ ‘ಮೀನ್’ ಎನ್ನುತ್ತಾರಷ್ಟೆ, ಅದೇ ಹೆಸರಿಟ್ಟೆ. ಅದು ಎಂ ಅಕ್ಷರದಿಂದ ಆರಂಭವಾಗುತ್ತದೆ. ಅಂಕಿಗಳು ಅಚ್ಚುಕಟ್ಟಾಗಿ ಕಾಣಲೆಂದು ಮುದ್ರಣದಲ್ಲಿ ದಶಮಾಂಶ ಬೇಡವೆಂದು ಮೊದಲೇ ತೀರ್ಮಾನಿಸಿಕೊಂಡಿದ್ದೆನಾದ್ದರಿಂದ ನನಗೆ ಅನುಮಾನವೇ ಬರಲಿಲ್ಲ.

ಯಾದಿ ಹೊರಟುಹೋದ ಕೆಲವು ದಿನಗಳ ಮೇಲೆ, ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರೊಬ್ಬರು ಹಳೆಯ ರೂಢಿಯಂತೆ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ನನ್ನ ಮೇಜಿನ ಬಳಿ ಬಂದರು. “ಸಾಹೇಬ್ರ, ಇವನದು ಆರು ವಿಷಯಕ್ಕ 410, ಇವನದು 413. ಇಬ್ಬರಿಗೂ ಅರವತ್ತೆಂಟ ಅಂತ ಹ್ಯಾಂಗ ಬಂತ್ರಿ?” ಎಂದು ಕೇಳಿದರು. ಒಬ್ಬನದು 68.33, ಇನ್ನೊಬ್ಬನದು 68.83. ಯಂತ್ರದ ದೃಷ್ಟಿಯಲ್ಲಿ ಇಬ್ಬರದೂ 68. ಸಮನಾದವರಲ್ಲಿ ನೋಂದಣಿ ಪುಸ್ತಕದಲ್ಲಿ ಮೊದಲು ಬಂದವನಿಗೆ ವೇತನವೆಂಬ ನಿಯಮದಂತೆ, ಕಡಿಮೆ ಅಂಕದವನಿಗೆ ಹಣ ಮಂಜೂರಾಗಿತ್ತು. ಅದು ಕೊನೆಯ ಸ್ಥಾನವಾಗಿತ್ತು. ಮೇಲಧಿಕಾರಿಗಳಿಗೆ ನಿವೇದಿಸಿದೆ. ಆದೇಶ ಹೊರಟಾಗಿದೆ, ಯಂತ್ರದ ಲೆಕ್ಕವನ್ನು ಈಗ ಪ್ರಶ್ನಿಸಿದರೆ ಇಡೀ ಯಾದಿಗೇ ಚ್ಯುತಿ ಬರುತ್ತದೆ ಎಂದರು. ನಾನು ಇನ್ನೊಮ್ಮೆ ಒತ್ತಿ ಹೇಳಲಿಲ್ಲ. ವಯಸ್ಸು ಚಿಕ್ಕದು, ನೌಕರಿ ಹೊಸದು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ. 413 ಅಂಕದ ಹುಡುಗ ಆ ವರ್ಷ ಕಾಲೇಜಿಗೆ ಹೋಗಲಿಲ್ಲವೆಂದು ಮುಂದೆ ತಿಳಿಯಿತು. ಅದಕ್ಕಿಂತ ಹೆಚ್ಚಿಗೆ ನಾನು ವಿಚಾರಿಸಲಿಲ್ಲ.

ತಪ್ಪು ನನ್ನದು, ಭಾಷೆಯದಲ್ಲ. ಆದರೆ ಮೊದಲು ಕಲಿಯುವ ಭಾಷೆಯಲ್ಲಿ ಕಲಿಯುವವನಿಗೆ ಕಾಣದಂತೆ ನಡೆಯುವ ಕಟ್ಟಳೆಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದೆಂದು ಅಂದು ನನಗೆ ಮನವರಿಕೆಯಾಯಿತು. ಎಲ್ಲ ಹೆಸರುಗಳ ಜಾತಿಯನ್ನೂ ಬರೆದವನೇ ಬಾಯಿಬಿಟ್ಟು ಹೇಳಬೇಕೆಂದು ವಿಧಿಸಿಕೊಳ್ಳುವ ಸೌಕರ್ಯವನ್ನು ಮುಂದೆ ಫೋರ್ಟ್ರಾನ್ 90ರ ಮಾನಕದಲ್ಲಿ ಸೇರಿಸಿದರೆಂಬುದನ್ನು ನೋಡಿದರೆ, ಆ ಹಳ್ಳದಲ್ಲಿ ಬಿದ್ದವನು ನಾನೊಬ್ಬನೇ ಆಗಿರಲಿಲ್ಲವೆಂದು ಕಾಣುತ್ತದೆ.

ಇನ್ನು ಭಾಷೆಗಳ ವಿಚಾರ. ಯಾವ ಭಾಷೆ ಶ್ರೇಷ್ಠವೆಂದು ಕೇಳುವುದಕ್ಕಿಂತ, ಯಾವುದನ್ನು ಯಾರಿಗಾಗಿ ಮಾಡಿದರು ಎಂದು ಕೇಳುವುದು ಲೇಸು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಗಣಿತದ ಪ್ರಾಧ್ಯಾಪಕರು 1964ರಲ್ಲಿ ಬೇಸಿಕ್ ಭಾಷೆಯನ್ನು ರಚಿಸಿದ್ದು, ಇಂಜಿನಿಯರುಗಳಿಗಾಗಿ ಅಲ್ಲ. ಸಾಹಿತ್ಯ, ಇತಿಹಾಸ ಓದುವ ವಿದ್ಯಾರ್ಥಿಗಳೂ ಯಂತ್ರವನ್ನು ಬಳಸಲಿ ಎಂಬ ಉದ್ದೇಶದಿಂದ. ಜಿನೀವಾದಲ್ಲಿ ಪಿಯಾಜೆ ಅವರೊಡನೆ ಮಕ್ಕಳ ಕಲಿಕೆಯನ್ನು ಅಭ್ಯಾಸ ಮಾಡಿದ್ದ ಸೇಮೂರ್ ಪ್ಯಾಪರ್ಟ್ ಮತ್ತು ಅವರ ಸಹೋದ್ಯೋಗಿಗಳು 1967ರಲ್ಲಿ ಲೋಗೋ ಎಂಬ ಭಾಷೆಯನ್ನು ಚಿಕ್ಕ ಮಕ್ಕಳಿಗೆಂದೇ ಕಟ್ಟಿದರು. ಅದರಲ್ಲಿ ಮಗು ಆಮೆಯೊಂದಕ್ಕೆ ಮುಂದೆ ನಡೆ, ಬಲಕ್ಕೆ ತಿರುಗು ಎಂದು ಅಪ್ಪಣೆ ಕೊಟ್ಟು ಚಿತ್ರ ಬಿಡಿಸುತ್ತದೆ. ಜ್ಯೂರಿಕ್ಕಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆ, ಶಿಸ್ತಿನಿಂದ ಬರೆಯುವುದನ್ನು ಕಲಿಸಲು ಹುಟ್ಟಿದ್ದು. ‘ಸಿ’ ಭಾಷೆಯಾದರೋ, ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ಯುನಿಕ್ಸ್ ಎಂಬ ನಿಯಂತ್ರಣ ವ್ಯವಸ್ಥೆಯನ್ನು ಬರೆಯುವ ಸಲುವಾಗಿ ಸಿದ್ಧಪಡಿಸಿದ ಹರಿತವಾದ ಉಪಕರಣ. ಪಳಗಿದ ಕೈಗಳಿಗಾಗಿ ಮಾಡಿದ್ದು ಅದು.

ಬೇಸಿಕ್‌ನ ವಿಷಯದಲ್ಲಿ ಒಂದು ಮಾತು. 1984ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ಗಣಕ ಸಾಕ್ಷರತೆಯ ‘ಕ್ಲಾಸ್’ ಯೋಜನೆ ಆರಂಭವಾದಾಗ ಬಂದ ಬಿಬಿಸಿ ಮೈಕ್ರೋ ಯಂತ್ರಗಳಲ್ಲಿ ಇದ್ದದ್ದು ಆ ಭಾಷೆ. ಅದಕ್ಕೆ ಒಂಬತ್ತು ವರ್ಷ ಮೊದಲು, 1975ರಲ್ಲಿ, ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು ಬೇಸಿಕ್ ಕಲಿತು ಬಂದವರಿಗೆ ಒಳ್ಳೆಯ ಕ್ರಮವಿಧಿ ರಚನೆಯನ್ನು ಕಲಿಸುವುದು ಅಸಾಧ್ಯಪ್ರಾಯವೆಂದು ಕಟುವಾಗಿ ಬರೆದಿದ್ದರು. ನನ್ನ ಸೋದರಳಿಯ ಅದೇ ಭಾಷೆಯಿಂದ ಆರಂಭಿಸಿದವನು. ಇಂದು ನನಗಿಂತ ಚೊಕ್ಕವಾಗಿ ಬರೆಯುತ್ತಾನೆ. ಮೊದಲ ಭಾಷೆ ಜನ್ಮಕ್ಕೆ ಅಂಟಿಕೊಳ್ಳುವ ಕಲೆಯಲ್ಲ. ಅದು ತಪ್ಪಾಗಿ ಆಯ್ಕೆಯಾದರೆ ಆಗುವ ನಷ್ಟ ಬೇರೆ ಬಗೆಯದು. ಮಗು ಎರಡನೆಯ ಭಾಷೆಯವರೆಗೆ ಬರುವುದೇ ಇಲ್ಲ.

ಈ ದೃಷ್ಟಿಯಿಂದ ಶಿಕ್ಷಕರ ಸಲಹೆಗಳನ್ನು ಪರಿಶೀಲಿಸಿದೆ. ‘ಸಿ’ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ಓದಿಕೊಳ್ಳುವಾಗ ಹೆಸರಿನ ಹಿಂದೆ ಒಂದು ಚಿಕ್ಕ ಚಿಹ್ನೆಯನ್ನು ಇಡಬೇಕು. ಮರೆತರೆ ಕ್ರಮವಿಧಿ ಏಕೆ ಕುಸಿಯಿತೆಂಬುದು ಎಂಟನೆಯ ತರಗತಿಯ ಮಗುವಿಗೆ ತಿಳಿಯುವುದು ಕಷ್ಟ, ಏಕೆಂದರೆ ಆ ಚಿಹ್ನೆಯ ಅರ್ಥ ಸ್ಮೃತಿಕೋಶದ ವಿಳಾಸಗಳ ಪಾಠಕ್ಕೆ ಸೇರಿದ್ದು. ಯಂತ್ರದ ಒಳಗಿನ ಏರ್ಪಾಡನ್ನು ಅರಿಯಲು ‘ಸಿ’ಯಂಥ ಗುರು ಬೇರೆ ಇಲ್ಲ, ಆದರೆ ಆತನ ಬಳಿಗೆ ಎರಡನೆಯ ಹೆಜ್ಜೆಯಲ್ಲಿ ಹೋಗುವುದು ಕ್ಷೇಮ. 1995ರಲ್ಲಿ ಬಂದ ಜಾವಾದಲ್ಲಿ ಒಂದೇ ಸಾಲನ್ನು ಮುದ್ರಿಸಬೇಕಾದರೂ ಅರ್ಥ ತಿಳಿಯದ ಐದಾರು ಪದಗಳನ್ನು ಮಂತ್ರದಂತೆ ಬರೆದುಕೊಳ್ಳಬೇಕಿತ್ತು. 2025ರ ಆವೃತ್ತಿಯಲ್ಲಿ ಈ ಬೇಲಿಯನ್ನು ತಗ್ಗಿಸಿದ್ದಾರೆ. ಇನ್ನು ನೌಕರಿಯ ಮಾತು. ಹದಿಮೂರರ ಮಗು ನೌಕರಿಗೆ ಸೇರಲು ಇನ್ನೂ ಎಂಟೊಂಬತ್ತು ವರ್ಷ ಬೇಕು. ಅಷ್ಟರಲ್ಲಿ ಪೇಟೆಯ ಬೇಡಿಕೆ ಹೇಗೆ ಬದಲಾದೀತೆಂದು ಈ ಕಸುಬಿನಲ್ಲಿ ತಲೆ ನರೆತ ನನಗೂ ಹೇಳಲಾಗದು.

ಕೊನೆಗೆ ಪೈಥಾನ್. ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ 1989ರ ಕೊನೆಯಲ್ಲಿ ಆರಂಭಿಸಿ 1991ರಲ್ಲಿ ಹೊರತಂದ ಭಾಷೆಯಿದು. ಕಲಿಯುವವರಿಗೆಂದು ರೂಪಿಸಿದ್ದ ಎಬಿಸಿ ಎಂಬ ಇನ್ನೊಂದು ಭಾಷೆಯ ಕೆಲಸದಲ್ಲಿ ಅವರು ಮೊದಲು ತೊಡಗಿದ್ದವರು. ಆ ಸಂಸ್ಕಾರ ಇದರಲ್ಲಿಯೂ ಉಳಿದಿದೆ. ಹಿಂದೆ ‘ಸಿ ಪ್ಲಸ್ ಪ್ಲಸ್’ ಕಲಿಸುತ್ತಿದ್ದ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯವರೂ ಹನ್ನೊಂದು ಹನ್ನೆರಡನೆಯ ತರಗತಿಗಳಿಗೆ ಈಗ ಇದನ್ನೇ ಇಟ್ಟಿದ್ದಾರೆ. ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೆ ಇಲ್ಲಿಯೂ ಅರ್ಥವಿದೆ. ಫೋರ್ಟ್ರಾನಿನ ಏಳನೆಯ ಮನೆಯನ್ನು ಎಣಿಸಿದ ನನಗೆ ಇದನ್ನು ಕಂಡು ನಗು ಬಂದಿತು. ಆದರೆ ಜಾಗ ತಪ್ಪಿದರೆ ಹತ್ತು ದಿನಗಳ ಮೇಲಲ್ಲ, ಆ ಕ್ಷಣವೇ ಯಾವ ಸಾಲಿನಲ್ಲಿ ತಪ್ಪಾಯಿತೆಂದು ಯಂತ್ರ ಹೇಳುತ್ತದೆ.

ಕಳೆದ ಆಷಾಢದಲ್ಲಿ ಊರಿಗೆ ಹೋಗಿ ಗಣಿತದ ಶಿಕ್ಷಕಿಯರೊಡನೆ ಹೊಸ ಕೋಣೆಯಲ್ಲಿ ಕುಳಿತೆ. ಅವರು ಆಗಲೇ ಯಾರೋ ದಾನವಾಗಿ ಕೊಟ್ಟ ಹಳೆಯ ಪುಸ್ತಕವೊಂದನ್ನು ಹಿಡಿದು ಸ್ವಂತ ಪ್ರಯತ್ನದಿಂದ ಕಲಿಯತೊಡಗಿದ್ದರು. ಮೊದಲ ಉದಾಹರಣೆಯೇ ನಡೆಯುವುದಿಲ್ಲ, ನನ್ನಲ್ಲೇ ಏನೋ ದೋಷವಿರಬೇಕು ಎಂದು ಸಂಕೋಚಪಟ್ಟರು. ದೋಷ ಪುಸ್ತಕದ್ದು. ಅದು ಪೈಥಾನಿನ ಎರಡನೆಯ ಆವೃತ್ತಿಯ ಕಾಲದ್ದು. ಅದರಲ್ಲಿ ಮುದ್ರಿಸುವ ಆಜ್ಞೆಗೆ ಕಂಸಗಳು ಬೇಕಿರಲಿಲ್ಲ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅವು ಕಡ್ಡಾಯ. ಎರಡನೆಯದರ ಪೋಷಣೆಯನ್ನು 2020ರ ಆರಂಭದಲ್ಲಿ ನಿಲ್ಲಿಸಿಯೇ ಬಿಟ್ಟರು. ಪುಸ್ತಕ ದಾನ ಮಾಡುವ ಮಹನೀಯರು ದಯವಿಟ್ಟು ಇದನ್ನೊಂದು ನೋಡಿ ಕೊಡಬೇಕೆಂದು ವಿನಂತಿಸುತ್ತೇನೆ.

ಆಗ ನನಗೊಂದು ಯೋಚನೆ ಹೊಳೆಯಿತು. 413ನ್ನು 6ರಿಂದ ಭಾಗಿಸಿರೆಂದೆ. ಹಳೆಯ ಆವೃತ್ತಿಯಲ್ಲಿ ಇದಕ್ಕೆ ಬರುತ್ತಿದ್ದ ಉತ್ತರ 68. ನನ್ನ ಫೋರ್ಟ್ರಾನ್ ಮಾಡಿದ ತಪ್ಪಿನ ತದ್ರೂಪ. ಈಗಿನ ಆವೃತ್ತಿಯಲ್ಲಿ ಪರದೆಯ ಮೇಲೆ 68.83 ಎಂದು ಆರಂಭವಾಗಿ ಮೂರುಗಳ ಉದ್ದನೆಯ ಸಾಲು ಮೂಡಿತು. ದಶಮಾಂಶವನ್ನು ಬಿಟ್ಟುಬಿಡಬೇಕೆಂದರೆ ಒಂದು ಓರೆಗೆರೆಯ ಬದಲು ಎರಡನ್ನು ಎಳೆದು ಹಾಗೆಂದು ಸ್ಪಷ್ಟವಾಗಿ ಹೇಳಬೇಕು. ನಾಲ್ಕು ದಶಕಗಳ ಹಿಂದೆ ನನ್ನ ಕೈಯಲ್ಲಿ ಇಂಥದೊಂದು ಸಾಧನ ಇದ್ದಿದ್ದರೆ ಎಂದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದು ಸರ್ವದೋಷಮುಕ್ತವಾದ ಭಾಷೆಯೆಂದು ಯಾರೂ ತಿಳಿಯಬಾರದು. 0.1ಕ್ಕೆ 0.2 ಕೂಡಿಸಿದರೆ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದ ಉತ್ತರ ಬರುತ್ತದೆ, ಏಕೆಂದರೆ ಯಂತ್ರ ದ್ವಿಮಾನ ಪದ್ಧತಿಯಲ್ಲಿ ಎಣಿಸುವಾಗ ಆ ಭಿನ್ನರಾಶಿಗಳು ಪೂರ್ತಿಯಾಗಿ ಹಿಡಿಸುವುದಿಲ್ಲ. ಇದನ್ನೂ ಮಕ್ಕಳಿಗೆ ಮೊದಲ ವರ್ಷವೇ ತೋರಿಸಬೇಕು.

ಇನ್ನೊಂದು ಸಂಗತಿ ಶಿಕ್ಷಕಿಯರಿಗೆ ಬಹಳ ಹಿಡಿಸಿತು. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ರಾಶಿಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ‘ಮೊತ್ತ’, ‘ಅಂಕ’, ‘ಸರಾಸರಿ’ ಎಂದು ಬರೆದರೆ ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಇಫ್, ಎಲ್ಸ್, ವೈಲ್ ಮೊದಲಾದ ಮೂವತ್ತೈದು ಮೀಸಲು ಪದಗಳು ಮಾತ್ರ ಇಂಗ್ಲಿಷಿನವು. ಕನ್ನಡ ಮಾಧ್ಯಮದ ಮಗು ಅಷ್ಟನ್ನು ಒಂದು ತಿಂಗಳಲ್ಲಿ ಕಲಿಯಬಲ್ಲದು. ಉಳಿದ ವಿಚಾರವನ್ನೆಲ್ಲ ತನ್ನ ಮಾತಿನಲ್ಲಿಯೇ ಮಾಡಬಲ್ಲದು. ನಮ್ಮ ಮಾಸ್ತರರು ಕಾಗದದ ಮೇಲೆ ಬರೆಸುತ್ತಿದ್ದುದೂ ಇದನ್ನೇ.

ಆದ್ದರಿಂದ ನನ್ನ ಉತ್ತರ ಇಷ್ಟು. ಆರು ಏಳನೆಯ ತರಗತಿಯವರಿಗೆ ಲೋಗೋದ ಆಮೆಯ ಆಟ ಸಾಕು. ಎಂಟರಿಂದ ಪೈಥಾನ್. ಮುಂದೆ ಇಂಜಿನಿಯರಿಂಗ್ ಕಡೆ ಹೋಗುವವರು ‘ಸಿ’ಯನ್ನು ತಾವೇ ಕಲಿಯುತ್ತಾರೆ. ಆದರೆ ಈ ಆಯ್ಕೆಗೆ ಭಾಷೆಯ ಗುಣಗಳಿಗಿಂತ ಮಿಗಿಲಾದ ಕಾರಣ, ನಮ್ಮ ಶಿಕ್ಷಕಿಯರು ಅದನ್ನು ಆಗಲೇ ಕಲಿಯಲು ತೊಡಗಿದ್ದಾರೆಂಬುದು. ಸಿಕ್ಕುಬಿದ್ದಾಗ ಪಕ್ಕದಲ್ಲಿ ನಿಂತು ನೋಡುವವರು ಇರುವ ಭಾಷೆಯೇ ಮೊದಲು ಕಲಿಯಲು ತಕ್ಕ ಭಾಷೆ. ದಾನಿಗಳಲ್ಲಿ ನನ್ನ ಬಿನ್ನಹವೂ ಇದಕ್ಕೆ ಸಂಬಂಧಿಸಿದ್ದು. ಹದಿಮೂರನೆಯ ಯಂತ್ರಕ್ಕಿಂತ, ಆ ಶಿಕ್ಷಕಿಯರ ಇತರ ತರಗತಿಗಳ ಭಾರವನ್ನು ವಾರಕ್ಕೆ ನಾಲ್ಕು ತಾಸಿನಷ್ಟಾದರೂ ಇಳಿಸಲು ನೆರವಾಗುವುದು ಹೆಚ್ಚಿನ ಉಪಕಾರವಾದೀತು.

ಈಗ ಯಂತ್ರವೇ ಕ್ರಮವಿಧಿಯನ್ನು ಬರೆದುಕೊಡುವ ಕಾಲ ಬಂದಿದೆ, ಮಕ್ಕಳು ಏಕೆ ಕಲಿಯಬೇಕೆಂದು ಕೆಲವರು ಕೇಳುತ್ತಾರೆ. ಬರೆದುಕೊಡುವುದು ನಿಜ, ಬಹುಪಾಲು ಸರಿಯಾಗಿಯೇ ಬರೆಯುತ್ತದೆ. ಆದರೆ ‘ಇಬ್ಬರಿಗೂ ಅರವತ್ತೆಂಟು ಹೇಗೆ ಬಂತು’ ಎಂದು ಪೆನ್ಸಿಲು ಹಿಡಿದು ಬಂದು ಕೇಳುವ ಗುಮಾಸ್ತರ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ? ಆ ಪ್ರಶ್ನೆ ಕೇಳುವ ಶಕ್ತಿ ಒಮ್ಮೆಯಾದರೂ ಸ್ವತಃ ಬರೆದು, ತಪ್ಪಿ, ತಿದ್ದಿಕೊಂಡವರಿಗೆ ಬರುತ್ತದೆ.

ಅಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ವಿದ್ಯಾರ್ಥಿವೇತನದ ಕಥೆಯನ್ನು ಹೇಳಿ, ಸರಾಸರಿಯ ಕ್ರಮವಿಧಿಯನ್ನು ಅವರಿಂದಲೇ ಬರೆಸಿದೆ. ಎಲ್ಲರ ಪರದೆಯ ಮೇಲೂ ಸರಿಯಾದ ಉತ್ತರ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಕೈಯೆತ್ತಿ, “ಸರ್, ಆ ಹುಡುಗಗ ಮುಂದ ಏನಾತ್ರಿ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲವೆಂದೇ ಒಪ್ಪಿಕೊಂಡೆ. ಆಕೆ ತಲೆಯಾಡಿಸಿ ಮತ್ತೆ ತನ್ನ ಪರದೆಯತ್ತ ತಿರುಗಿ, 410ನ್ನೂ ಒಮ್ಮೆ ಭಾಗಿಸಿ ನೋಡಿದಳು.

ಮುಖ್ಯೋಪಾಧ್ಯಾಯರ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಬರೆದಿದ್ದೇನೆ.